ಹನ್ನೆರಡು ಪಟ್ಟಿಯ ಟೈರು

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಇದು ಒಂದು ಸಂಸಾರದ ಒಳಗಿನ ಮಾತು, ನಾನು ಆ ಸಂಸಾರದವಳಲ್ಲ. ಸೇಂಟ್ ಆಂಥನಿ ಎಂಬ ಊರಿನ ಟೈರ್ ಅಂಗಡಿಯೊಂದರ ಕೌಂಟರಿನಲ್ಲಿ ಒಂಬತ್ತು ವರ್ಷದಿಂದ ನಿಂತಿರುವವಳು. ನಾಲ್ಕು ಸಾಲು ಬರೆಯಲು ಕಲಿತದ್ದು ಸಂಜೆ ತರಗತಿಯಲ್ಲಿ, ಅದೂ ಅರ್ಧ ತೂಕಡಿಸುತ್ತ. ಹೇಳುವುದರಲ್ಲಿ ತಪ್ಪಾದರೆ ಆರ್ವೆಲ್ ಜೆಪ್ಸನ್ ಅವರಿಗೂ ಅವರ ಹೆಂಡತಿ ನೆಡ್ರಾ ಅವರಿಗೂ ಅನ್ಯಾಯವಾದೀತು ಎಂಬ ಭಯವಿದೆ. ಹೇಳದಿದ್ದರೆ ನಿದ್ದೆ ಬರುವುದಿಲ್ಲ.

ಅಕ್ಟೋಬರ್, ಆಲೂಗಡ್ಡೆ ಕೊಯ್ಲು ಮುಗಿದ ವಾರ. ಆ ವಾರ ನಮ್ಮೂರಿನಲ್ಲಿ ಯಾರ ಮೈಯಲ್ಲೂ ಜೀವ ಇರುವುದಿಲ್ಲ. ಹಗಲು ಅಂಗಡಿ, ಸಂಜೆ ಗೋದಾಮಿನಲ್ಲಿ ಗಡ್ಡೆ ಆರಿಸುವ ಬೆಲ್ಟಿನ ಮುಂದೆ ಹದಿನೇಳು ದಿನ ನಿಂತಿದ್ದ ನನಗೆ ಕಣ್ಣು ಮುಚ್ಚಿದರೂ ಗಡ್ಡೆಗಳೇ ಉರುಳುತ್ತಿದ್ದವು. ಬುಧವಾರ ನೆಡ್ರಾ ಬಂದು ಬಿಸಿ ಬನ್ನಿನ ಡಬ್ಬಿಯನ್ನು ಕೌಂಟರಿನ ಮೇಲಿಟ್ಟರು.

"ಏನ್ ಟಾಮ್ರಾ, ಹೀಗಾಗ್ಬಿಟ್ಟಿದ್ದೀಯ? ಊಟ ಗೀಟ ಮಾಡ್ತೀಯೋ ಇಲ್ವೋ?"

"ಮಾಡ್ತೀನಿ ಸಿಸ್ಟರ್. ನಿಂತ್ಕೊಂಡೇ ಮಾಡ್ತೀನಿ." ನಮ್ಮ ಚರ್ಚಿನವರು ಒಬ್ಬರನ್ನೊಬ್ಬರು ಬ್ರದರ್, ಸಿಸ್ಟರ್ ಎಂದೇ ಕರೆಯುವುದು.

"ನಾಳೆ ನಮ್ಮನೆಯವರು ಟೈರಿಗೆ ಬರ್ತಾರೆ." ಅವರು ದನಿ ತಗ್ಗಿಸಿದರು. "ಗುಡ್ಡ ಹತ್ತದೇ ಇರೋ ಟೈರ್ ಕೊಡು."

ಕೊಯ್ಲು ಮುಗಿದ ಮೊದಲ ಶನಿವಾರ ಜೆಪ್ಸನ್ ಮನೆತನದವರೆಲ್ಲ ಎಟಿವಿ ಎಂಬ ನಾಲ್ಕು ಚಕ್ರದ ಬೈಕುಗಳನ್ನು ಟ್ರೈಲರಿಗೆ ಹೇರಿಕೊಂಡು ಮರಳುದಿಬ್ಬಗಳಿಗೆ ಹೋಗುತ್ತಾರೆ. ದೊಡ್ಡ ದಿಬ್ಬವನ್ನು ಮನೆಯ ಹಿರಿಯನೇ ಮೊದಲು ಹತ್ತಬೇಕು. ಅವನು ಹತ್ತಿದ ಗೆರೆಯ ಮೇಲೆ ಉಳಿದವರು. ಮೂವತ್ತೊಂದು ವರ್ಷದಿಂದ ಆ ಹಿರಿಯ ಆರ್ವೆಲ್. ಮಾರ್ಚಿನಲ್ಲಿ ಅವರಿಗೆ ಲಕ್ವ ಹೊಡೆಯಿತು. ಕಾಲು ಬಂತು, ಮಾತು ಬಂತು. ಬಲಗೈ ಹೆಬ್ಬೆರಳು ಮಾತ್ರ ಪೂರ್ತಿ ಬರಲಿಲ್ಲ. ಅವರಿಗೇ ತಿಳಿಯದ ಹಾಗೆ ನಡುವೆ ಸಡಿಲವಾಗಿಬಿಡುತ್ತದೆ. ಎಟಿವಿಯ ವೇಗವೆಲ್ಲ ಇರುವುದು ಬಲಗೈ ಹೆಬ್ಬೆರಳಿನಲ್ಲಿ.

ಮರಳಿಗೆ ಹಾಕುವ ಟೈರು ನುಣ್ಣಗಿರುತ್ತದೆ. ಅದರ ಮೇಲೆ ದೋಣಿಯ ಹುಟ್ಟಿನ ಹಾಗೆ ಎದ್ದುನಿಂತ ರಬ್ಬರ್ ಪಟ್ಟಿಗಳು. ತಿರುಗುತ್ತಿರುವಷ್ಟು ಹೊತ್ತು ಅದು ಮರಳಿನಲ್ಲಿ ಈಜುತ್ತದೆ. ಕಡಿದಾದ ಏರಿನ ನಡುವೆ ವೇಗ ತಗ್ಗಿದರೆ ತನ್ನ ಗುಂಡಿಯನ್ನು ತಾನೇ ತೋಡಿಕೊಳ್ಳುತ್ತದೆ, ಮೂತಿ ಮೇಲೆದ್ದು ಗಾಡಿ ಸವಾರನ ಮೇಲೆಯೇ ಮಗುಚುತ್ತದೆ.

"ಮಕ್ಕಳ ಕೈಲಿ ಹೇಳಿಸಬಾರ್ದಾ?"

"ಗಾರ್ತ್ ಹೇಳಿದ್ರೆ ಜಾಗ ಕಿತ್ಕೊಳ್ಳೋಕೆ ಬಂದ ಅಂತಾರೆ. ನಾನು ಹೇಳಿದ್ರೆ ಒಂದು ವಾರ ಮಾತು ಬಿಡ್ತಾರೆ. ಮಾತು ಈಗ ತಾನೇ ವಾಪಸ್ ಬಂದಿದೆ ಕಣೇ. ಸವೆದಿರೋ ಜೊತೆ ಯಾವುದಾದ್ರೂ ಇದ್ರೆ ಹಾಕ್ಕೊಟ್ಬಿಡು."

"ಸವೆದಿರೋದು ಬುಡದಲ್ಲಿ ನಿಲ್ಲಲ್ಲ ಸಿಸ್ಟರ್, ಅರ್ಧ ಹತ್ತಿ ನಿಲ್ಲುತ್ತೆ. ಅದೇ ಅಲ್ವಾ ಅಪಾಯ?"

ಇಷ್ಟಕ್ಕೆ ಸುಮ್ಮನಿರಬಹುದಿತ್ತು. ದಣಿದಾಗ ನನ್ನ ಬಾಯಿ ನನ್ನ ಮಾತು ಕೇಳುವುದಿಲ್ಲ. "ಅವರು ಹಾಕೋದು ಎಂಟು ಪಟ್ಟಿಯದು. ಹನ್ನೆರಡು ಪಟ್ಟಿಯದು ಹಾಕಿದ್ರೆ ಬೇರೆ. ಅವರದ್ದು ನಾನೂರು ಸಿಸಿ ಎಂಜಿನ್. ಅಷ್ಟು ಮರಳು ಎಳೆಯೋ ಶಕ್ತಿ ಅದಕ್ಕಿಲ್ಲ. ಬುಡದಲ್ಲೇ ಉಸಿರು ಬಿಡುತ್ತೆ."

"ಹಾಗಾದ್ರೆ ಅದನ್ನೇ ಕೊಡು."

"ಅವರು ತಗೊಳ್ತಾರಾ? ನನಗೆ ಟೈರ್ ಕಲಿಸಿದ್ದೇ ಅವರು."

ಸುಳ್ಳಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಯಾರದೋ ಎರಡು ಟೈರುಗಳನ್ನು ಹಿಂದುಮುಂದಾಗಿ ಕೂರಿಸಿದ್ದೆ. ಆರ್ವೆಲ್ ನೋಡಿ, "ಏನಮ್ಮಾ, ಈ ಮಹಾರಾಯ ಮನೆ ತನಕ ಹಿಂದಕ್ಕೇ ಓಡಿಸ್ಕೊಂಡು ಹೋಗ್ಬೇಕಾ?" ಎಂದು ನಕ್ಕು, ಪಕ್ಕದಲ್ಲಿ ಕೂತು ಎರಡನ್ನೂ ಬಿಚ್ಚಿಸಿ ಸರಿಮಾಡಿಸಿದ್ದರು.

"ಎಂಟರದ್ದು ಖಾಲಿ ಆಗಿದೆ ಅನ್ನು," ಎಂದು ನೆಡ್ರಾ ಎದ್ದರು. ಬಾಗಿಲಲ್ಲಿ ನಿಂತು, "ನನಗೂ ಸಾಕಾಗಿದೆ ಟಾಮ್ರಾ," ಎಂದರು. ಅಷ್ಟೇ.

ಎಂಟು ಪಟ್ಟಿಯ ಜೊತೆ ಗೋಡೆಯ ಮೇಲೆ ಎಲ್ಲರಿಗೂ ಕಾಣುವಂತೆ ತೂಗುತ್ತಿತ್ತು. ಅಂಗಡಿ ಮುಚ್ಚುವಾಗ ಅದನ್ನು ಇಳಿಸಿ ಹಿಂದಿನ ಕೋಣೆಯಲ್ಲಿಟ್ಟೆ. ಬೆಳಿಗ್ಗೆ ಮನಸ್ಸು ತಡೆಯದೆ ಮತ್ತೆ ತಂದು ನೇತುಹಾಕಿದೆ. ಸುಳ್ಳು ಹೇಳುವ ಧೈರ್ಯ ನನಗಿರಲಿಲ್ಲ. ನಿಜ ಹೇಳುವ ಧೈರ್ಯವೂ ಇರಲಿಲ್ಲವೆಂದು ಆಮೇಲೆ ಗೊತ್ತಾಯಿತು.

ಗುರುವಾರ ಆರ್ವೆಲ್ ಬಂದಾಗ ಮಾಲೀಕ ರೂಲನ್ ಬಾಗಿಲಲ್ಲೇ ಸಿಕ್ಕರು.

"ಏನ್ ಬ್ರದರ್, ಈ ಸಲಾನೂ ಅದೇ ಮುದಿ ಕುದುರೇನಾ?"

"ಮುದಿಯಾದ್ರೂ ನನ್ನ ಹೊರುತ್ತೆ. ನೀನು ಕೂತಿದ್ರೆ ಅದು ಯಾವತ್ತೋ ರಾಜೀನಾಮೆ ಕೊಟ್ಟಿರೋದು."

ರೂಲನ್ ಹೊಟ್ಟೆ ತಟ್ಟಿಕೊಂಡು ನಗುತ್ತ ಶೆಡ್ಡಿನ ಕಡೆ ಹೋದರು. ಆರ್ವೆಲ್ ಗೋಡೆಯ ಮುಂದೆ ಬಹಳ ಹೊತ್ತು ನಿಂತರು. ಎಂಟರ ಪಟ್ಟಿಯನ್ನು ಎಡಗೈಯಿಂದ ಬಗ್ಗಿಸಿ ನೋಡಿದರು. ಪಕ್ಕದ ಹನ್ನೆರಡನ್ನೂ ಮುಟ್ಟಿದರು. ಬಲಗೈ ಜೇಬಿನಲ್ಲಿತ್ತು.

"ಹನ್ನೆರಡರದ್ದು ಕೊಡಮ್ಮಾ."

"ಬ್ರದರ್... ನೀವು ಯಾವಾಗ್ಲೂ ಎಂಟೇ ಹಾಕೋದು."

"ಹೌದಾ?"

"ಹೋದ ವರ್ಷವೂ ಅದೇ. ಅದರ ಹಿಂದಿನ ಸಲವೂ..."

"ಎಂಟಕ್ಕಿಂತ ಹನ್ನೆರಡು ಜಾಸ್ತಿ ತಾನೇ? ಬರಿ."

ಮುಖ ನೋಡಿದೆ. ಲಕ್ವ ಹೊಡೆದ ಮೇಲೆ ಅವರ ತುಟಿಯ ಒಂದು ಕೊನೆ ಸ್ವಲ್ಪ ಜೋತಿದೆ. ನಗುತ್ತಿದ್ದಾರೋ ಇಲ್ಲವೋ ಹೇಳಲಾಗುವುದಿಲ್ಲ. ಬೇರೆ ಯಾವ ಗಿರಾಕಿ ಕೇಳಿದ್ದರೂ 'ನಿಮ್ಮ ಎಂಜಿನ್ನಿಗೆ ಇದು ಆಗದು' ಎಂದು ಹೇಳಿಯೇ ಹೇಳುತ್ತಿದ್ದೆ. ಅದು ನನ್ನ ಕೆಲಸ. ಅವತ್ತು ಹೇಳಲಿಲ್ಲ. ಬಿಲ್ ಬರೆದೆ. ಟೈರು ಕೂರಿಸುವಾಗ ಪಟ್ಟಿಯ ದಿಕ್ಕನ್ನು ಎರಡೆರಡು ಸಲ ನೋಡಿದೆ, ಅದೊಂದರಿಂದ ಪ್ರಾಮಾಣಿಕಳಾದೆನೇನೋ ಎಂಬಂತೆ.

ಶನಿವಾರ ಕಾಲು ಸೋತಿದ್ದರೂ ಹೋದೆ. ಮಾಡಿದ್ದನ್ನು ಕಣ್ಣಾರೆ ನೋಡಬೇಕಿತ್ತು. ದಿಬ್ಬದ ಬುಡದಲ್ಲಿ ನಲವತ್ತು ಜನ ಜೆಪ್ಸನ್‌ಗಳು, ಗಾಡಿಗಾಡಿಗೂ ಎತ್ತರದ ಕಡ್ಡಿಯ ಮೇಲೆ ಬಾವುಟ. ಬೆಂಕಿಯ ಮೇಲಿನ ಕಬ್ಬಿಣದ ಪಾತ್ರೆಯಲ್ಲಿ ಚೀಸ್ ಹಾಕಿದ ಆಲೂಗಡ್ಡೆಯನ್ನು ನೆಡ್ರಾ ಕೈಯಾಡಿಸುತ್ತಿದ್ದರು. ನನ್ನ ಕಡೆ ತಿರುಗಲಿಲ್ಲ.

ಆರ್ವೆಲ್ ಹೆಲ್ಮೆಟ್ ಹಾಕಿಕೊಂಡು ಹೊರಟರು. ಸಮತಟ್ಟಿನಲ್ಲಿ ಗಾಡಿ ಭಾರವಾಗಿಯಾದರೂ ಹೋಯಿತು. ಏರು ಶುರುವಾಗುತ್ತಲೇ ಎಂಜಿನ್ನಿನ ದನಿ ಕುಸಿಯಿತು, ನರಳಿತು, ನಿಂತಿತು. ಹಿಂದಕ್ಕೆ ಬಂದು ಮತ್ತೆ ಹೊರಟರು. ಮೂರು ಸಲವೂ ಒಂದು ಮಂಚದುದ್ದಕ್ಕಿಂತ ಮೇಲೆ ಹೋಗಲಿಲ್ಲ. ಮೂರನೆಯ ಸಲ ಅವರು ಗಾಡಿಯ ಮೇಲೆ ಸುಮ್ಮನೆ ಕೂತೇ ಇದ್ದರು. ಮಗ ಗಾರ್ತ್ ಹತ್ತಿರ ಹೋಗಿ ಟೈರು ನೋಡಿದ.

"ಅಪ್ಪಾ, ಇದು ಹನ್ನೆರಡರದ್ದು!"

ಆರ್ವೆಲ್ ಹೆಲ್ಮೆಟ್ ತೆಗೆದರು. "ಟೈರ್ ಅಂಗಡಿ ಹುಡುಗಿ ಕೊಟ್ಟಿದ್ದು," ಎಂದರು, ಎಲ್ಲರಿಗೂ ಕೇಳುವಂತೆ. "ನಾನೂರು ಸಿಸಿಗೆ ಹನ್ನೆರಡು ಪಟ್ಟಿ ಯಾರಾದ್ರೂ ಹಾಕ್ತಾರೇನೋ? ಹೋಗು, ನೀನೇ ಹತ್ತು. ಮಧ್ಯದಲ್ಲಿ ಹೆಬ್ಬೆರಳು ಬಿಡಬೇಡ."

"ನಾನಾ?"

"ಇಲ್ಲ, ನಿಮ್ಮಜ್ಜಿ. ಹೋಗೋ, ಆಲೂಗಡ್ಡೆ ಸೀದು ಹೋಗುತ್ತೆ."

ಗಾರ್ತ್ ಹತ್ತಿದ. ಉಳಿದವರು ಅವನ ಗೆರೆ ಹಿಡಿದರು. ನಿಂತವರೆಲ್ಲ ನನ್ನ ಕಡೆ ನೋಡಿದರು. ನಾನು ಆರ್ವೆಲ್ ಹತ್ತಿರ ಹೋಗಿ, "ತಪ್ಪಾಯ್ತು ಬ್ರದರ್," ಎಂದೆ. ಇನ್ನೇನು ಹೇಳಲಿ?

"ಗಿರಾಕಿ ಏನೇ ಕೇಳಲಿ, ಎಂಜಿನ್ ಎಷ್ಟು ಅಂತ ಮೊದಲು ಕೇಳಮ್ಮಾ," ಎಂದರು. ಆಮೇಲೆ ತಟ್ಟೆ ಹಿಡಿದು ಬೆಂಕಿಯ ಕಡೆ ನಡೆದರು. ತಟ್ಟೆ ಎಡಗೈಯಲ್ಲಿತ್ತು.

ಸೋಮವಾರ ರೂಲನ್ ಬೈದರು. "ಒಂಬತ್ತು ವರ್ಷ ಆಯ್ತು, ಇಷ್ಟೂ ಗೊತ್ತಾಗಲ್ವಾ ನಿನಗೆ?" ನೆಡ್ರಾ ನನ್ನ ಪರವಾಗಿ ಒಂದು ಮಾತು ಆಡಲಿಲ್ಲ. ಆಡಿದರೆ ಗಂಡನ ಮುಂದೆ ಎಲ್ಲವೂ ಬಯಲಾಗುತ್ತಿತ್ತು. ಈಗಲೂ ಕೆಲವರು ಬಂದರೆ ನನ್ನನ್ನು ದಾಟಿ ನೇರ ರೂಲನ್ ಹತ್ತಿರ ಹೋಗುತ್ತಾರೆ. ಹೋಗಲಿ. ಅವರ ಮೇಲೆ ನನಗೆ ಸಿಟ್ಟಿಲ್ಲ, ಸಿಟ್ಟು ಮಾಡಿಕೊಳ್ಳುವ ತ್ರಾಣವೂ ಇಲ್ಲ.

ಆದರೆ ಒಂದು ವಿಷಯ ಮಾತ್ರ ತಿಳಿಯುತ್ತಿಲ್ಲ. ಆರ್ವೆಲ್ ಆ ಗೋಡೆಯ ಮುಂದೆ ನಿಂತು ಲೆಕ್ಕ ಹಾಕಿಯೇ ಹನ್ನೆರಡು ಕೇಳಿದರೋ? ಅಥವಾ ಹೆಬ್ಬೆರಳಿನ ಜೊತೆ ಟೈರಿನ ವಿದ್ಯೆಯೂ ಸ್ವಲ್ಪ ಹೋಗಿದ್ದು, ಎಂಜಿನ್ ನರಳಿದ್ದು ಕೇಳಿದ ಮೇಲೆ ವಾಪಸ್ ಬಂತೋ? ಮೊದಲನೆಯದಾದರೆ ನಾನು ಹೊತ್ತ ಕೆಟ್ಟ ಹೆಸರು ದೊಡ್ಡದಲ್ಲ. ಎರಡನೆಯದಾದರೆ, ಮರೆವು ಬಂದ ಮನುಷ್ಯನೊಬ್ಬ ತಪ್ಪು ಮಾಡುವುದನ್ನು ನೋಡುತ್ತ ಬಿಲ್ ಬರೆದವಳು ನಾನು. ಭಾನುವಾರಗಳಂದು ಚರ್ಚಿನಲ್ಲಿ ಸಿಕ್ಕಾಗ ಕೈ ಕುಲುಕುತ್ತಾರೆ, ಹೇಗಿದ್ದೀಯಮ್ಮಾ ಎನ್ನುತ್ತಾರೆ. ಕೇಳಲು ನನಗೆ ಬಾಯಿ ಬಂದಿಲ್ಲ. ನನಗೆ ಗೊತ್ತಿಲ್ಲ.