ಯಾನೆಕನ ತಾಟು

ನಾನು ತುಸು ಆಳವಿರುವ ಒಂದು ಎನಾಮೆಲ್ ತಾಟು. ಹುಟ್ಟಿದ್ದು ಪೋಲೆಂಡಿನ ಕಾರ್ಖಾನೆಯಲ್ಲಿ. ಆಗ ಬಿಳಿ ಮೈ, ನೀಲಿ ಅಂಚು. ಈಗ ಬಣ್ಣ ಎದ್ದುಹೋಗಿದೆ, ಸಿಟ್ಟು ಮಾತ್ರ ಹೋಗಿಲ್ಲ.

ನನ್ನ ಒಡತಿ ಯಾನಿನಾ. ಅವಳ ಆರು ವರ್ಷದ ಮಗ ಯಾನೆಕ್ ದಿನವೂ ಉಣ್ಣುತ್ತಿದ್ದುದು ನನ್ನಲ್ಲೇ. ಎರಡನೆಯ ಮಹಾಯುದ್ಧ ಶುರುವಾದ ಚಳಿಗಾಲದಲ್ಲಿ ರಷ್ಯಾದ ಸೈನಿಕರು ಬಾಗಿಲು ಬಡಿದು, ಕೈಗೆ ಸಿಕ್ಕಿದ್ದು ಎತ್ತಿಕೊಂಡು ಹೊರಡಿ ಎಂದರು. ದನ ತುಂಬುವ ರೈಲುಡಬ್ಬಿಯಲ್ಲಿ ಸೈಬೀರಿಯಾಕ್ಕೆ ಸಾಗಿಸಿದರು. ದಾರಿಯಲ್ಲೇ ಯಾನೆಕ್ ತೀರಿಕೊಂಡ. ಕಾವಲಿನವನು ಆ ಮಗುವನ್ನು ಹಳಿಯ ಪಕ್ಕದ ಹಿಮಕ್ಕೆ ಎಸೆದು ಬಾಗಿಲು ಹಾಕಿದ. ಮಣ್ಣು ಮಾಡಲಿಕ್ಕೂ ಬಿಡಲಿಲ್ಲ, ಪಾಪಿಗಳು!

ಮುಂದೆ ಅಲ್ಲಿಂದ ಬಿಡುಗಡೆಯಾಗಿ, ಇರಾನ್ ದಾಟಿ ಕೊನೆಗೆ ನಾವು ಮುಟ್ಟಿದ್ದು ಕೊಲ್ಹಾಪುರದ ಹತ್ತಿರದ ವಳಿವಡೆಯ ನಿರಾಶ್ರಿತರ ಶಿಬಿರವನ್ನು. ಕ್ರಿಸ್‌ಮಸ್ ಹಿಂದಿನ ಸಂಜೆ, ಬಾರದವರಿಗಾಗಿ ಒಂದು ತಾಟು ಖಾಲಿ ಇಡುವುದು ಪೋಲೆಂಡಿನವರ ಪದ್ಧತಿ. ಯಾನಿನಾ ಮಗನಿಗೆಂದು ನನ್ನನ್ನಿಟ್ಟಳು. ಹಾಲು ಮಾರುವ ಬಾಳವ್ವ ಒಳಗೆ ಬಂದವಳೇ, ಹಬ್ಬದ ದಿನ ತಾಟು ಬರಿದಿರಬಾರದೆಂದು ನನ್ನ ತುಂಬ ಹಾಲು ಸುರಿದುಬಿಟ್ಟಳು. ಉಣ್ಣಲು ಕೂತವರೆಲ್ಲ ಗರಬಡಿದವರಂತಾದರು. ಯಾನಿನಾ ಮುರುಕು ಮರಾಠಿಯಲ್ಲಿ ವಿಷಯ ಹೇಳಿದಾಗ ಬಾಳವ್ವ ಸೆರಗು ಬಾಯಿಗಿಟ್ಟುಕೊಂಡಳು.

“ತಪ್ಪಾತವ್ವಾ. ಆದ್ರ ನಾವೂ ಹೋದವರಿಗೆ ಎಡಿ ಹಿಡೀತೀವಿ. ಕೂಸಿಗೆ ಹಾಲು ಬ್ಯಾಡಂದ್ರ ಹ್ಯಾಂಗ?”

ಯಾನಿನಾ ಅವಳನ್ನು ತಬ್ಬಿಕೊಂಡು ಅತ್ತಳು. ಶಿಬಿರ ಮುಚ್ಚಿ ಹೊರಡುವಾಗ ನನ್ನನ್ನು ಬಾಳವ್ವನ ಕೈಗೇ ಕೊಟ್ಟಳು.

ಬಾಳವ್ವನ ಮರಿಮಗಳು ಸುಜಯಾ ಈಗ ನಿಪ್ಪಾಣಿಯಲ್ಲಿ ಕಾಲೇಜು ಓದುತ್ತಾಳೆ. ಯುದ್ಧದಲ್ಲಿ ಪೋಲೆಂಡಿನ ಜನ ಪಟ್ಟ ಪಾಡಿನ ಬಗ್ಗೆ ಒಳ್ಳೆಯ ಪ್ರಬಂಧ ಬರೆದವರಿಗೆ ವಿದ್ಯಾರ್ಥಿವೇತನ ಕೊಡುತ್ತಾರೆಂದು ತಿಳಿದು, ಮನೆಯಲ್ಲಿ ಕೇಳಿ ಬೆಳೆದ ಯಾನೆಕನ ಕಥೆಯಿಂದಲೇ ಶುರು ಮಾಡಿದಳು. ಪ್ರಬಂಧ ತಿದ್ದಿಕೊಡುತ್ತಿದ್ದ ಇತಿಹಾಸದ ಪ್ರಾಧ್ಯಾಪಕರು ಅದನ್ನೇ ಹೊಡೆದುಹಾಕಿದರು. ಲಕ್ಷಾಂತರ ಜನ ಸತ್ತಿರುವಾಗ ಒಬ್ಬ ಹುಡುಗನನ್ನು ಯಾರು ಕೇಳುತ್ತಾರೆ, ಅವನು ಸತ್ತದ್ದಕ್ಕೆ ದಾಖಲೆ ಎಲ್ಲಿದೆ ಎಂದರಂತೆ. ದಾಖಲೆಯಂತೆ ದಾಖಲೆ! ಹಿಮಕ್ಕೆ ಎಸೆದವರು ರಸೀದಿ ಬರೆದುಕೊಡುತ್ತಾರೆಯೇ?

ಓದು ನಿಲ್ಲಬಾರದೆಂದು ಸುಜಯಾ ಯಾನೆಕನನ್ನು ಪ್ರಬಂಧದಿಂದ ತೆಗೆದುಬಿಟ್ಟಳು. ವಿದ್ಯಾರ್ಥಿವೇತನ ಬಂತು. ಅವಳ ಮೇಲೂ ನನಗೆ ಸಿಟ್ಟು ಬಂತು. ಸನ್ಮಾನದ ದಿನ ಅದೇ ಪ್ರಾಧ್ಯಾಪಕರು ಮನೆಯಿಂದ ನನ್ನನ್ನು ತರಿಸಿ ವೇದಿಕೆಯ ಮೇಲೆ ಪ್ರದರ್ಶನಕ್ಕಿಟ್ಟರು. ಹುಡುಗ ಬೇಡ, ತಾಟು ಬೇಕು! ಇದ್ಯಾವ ನ್ಯಾಯ?

ಸುಜಯಾ ಪ್ರಬಂಧ ಓದುತ್ತ, ಅಸಂಖ್ಯ ಮಕ್ಕಳು ದಾರಿಯಲ್ಲೇ ಸತ್ತರು ಎಂಬಲ್ಲಿಗೆ ಬಂದು ನಿಂತಳು. ಹಾಳೆ ಕೆಳಗಿಟ್ಟು ನನ್ನನ್ನು ಎತ್ತಿ ಹಿಡಿದಳು. ಪ್ರಾಧ್ಯಾಪಕರು ಮುಂದೆ ಓದೆಂದು ಕೈಸನ್ನೆ ಮಾಡಿದರು.

“ತಡೀರಿ ಸರ್. ಆ ಮಕ್ಕಳಾಗ ಒಬ್ಬನ ಹೆಸರು ಯಾನೆಕ್. ಇದು ಅವನ ತಾಟು.”



ಈಗ ಅಡುಗೆಮನೆಯ ಗೂಡಿನಲ್ಲಿದ್ದೇನೆ. ಸಿಟ್ಟು ಇಳಿಯಿತೇ ಎಂದರೆ, ಇಲ್ಲ. ಒಬ್ಬನ ಹೆಸರನ್ನು ಸುಜಯಾ ಹೇಳಿದಳು. ಉಳಿದ ಮಕ್ಕಳದ್ದು ಯಾರು ಹೇಳಬೇಕು?