ಕೆರಿಯಮ್ಮ ಕೈ ಕಟ್ಟಿಕೊಂಡು ನಡೆದದ್ದು

ಮಗನನ್ನು ನೋಡಿಕೊಳ್ಳುವುದರಲ್ಲಿ ಕೆರಿಯಮ್ಮನನ್ನು ಮೀರಿಸುವವರು ಹೊಸನಗರ ಸೀಮೆಯಲ್ಲೇ ಇರಲಿಲ್ಲ. ನಶೆಯ ಮಾತ್ರೆ ಬಿಡಲೆಂದು ದೀಪಕ್ ಎರಡು ಸಲ ಸಾಗರದ ವ್ಯಸನಮುಕ್ತಿ ಕೇಂದ್ರ ಸೇರಿದ್ದ. ಎರಡು ಸಲವೂ ಮನೆಗೆ ಬಂದು ಮತ್ತೆ ಶುರುಮಾಡಿದ್ದ. ಆಮೇಲಿಂದ ಅವನ ಅಂಗಿ ಗುಂಡಿಯನ್ನೂ ಅವಳೇ ಹಾಕುತ್ತಿದ್ದಳು, ಉಂಡ ತಟ್ಟೆಯನ್ನೂ ಅವಳೇ ಎತ್ತುತ್ತಿದ್ದಳು. ಮೂವತ್ತು ದಾಟಿದ ಗಂಡಸು! ಹೆತ್ತವರಿಗೆ ಹೆಗ್ಗಣ ಮುದ್ದು. ಅವನೂ ಎಲ್ಲದಕ್ಕೂ "ನನ್ ಕೈಲಿ ಆಗಾದಿಲ್ಲ ಅವ್ವಾ" ಎಂದು ಕೂತುಬಿಡುತ್ತಿದ್ದ.

ಮೂರನೆಯ ಸಲವೂ ಅಲ್ಲಿಗೇ ಸೇರಿಸಿ, ಅವನನ್ನು ಕರೆತರಲು ಹೋದಾಗ ಕೇಂದ್ರದ ಸಮಾಲೋಚಕಿ ಧನ್ಯಶ್ರೀ ಹೇಳಿದ್ದಳು: "ತನ್ನಿಂದ ಏನೂ ಆಗಲ್ಲ ಅನ್ನೋದನ್ನ ಇವ್ರು ಕಲಿತುಬಿಟ್ಟಿದಾರೆ. ಕಲಿಸಿದ್ರಲ್ಲಿ ನಿಮ್ ಪಾಲೂ ಇದೆ ಅಮ್ಮಾ. ಕೆಲ್ಸ ಕೆಟ್ರೆ ಕೆಡ್ಲಿ, ಅವ್ರೇ ಮಾಡ್ಲಿ." ಕೆರಿಯಮ್ಮನಿಗೆ ಸಿಟ್ಟು ನೆತ್ತಿಗೇರಿತ್ತು. ಹೆತ್ತವಳಿಗೆ ಪಾಠ ಹೇಳಲು ಇವಳ್ಯಾರು? ಆದರೂ ಆ ಮಾತು ಒಳಗೇ ಉಳಿದುಬಿಟ್ಟಿತು.

ಭೂಮಿ ಹುಣ್ಣಿಮೆ ಬಂತು, ಬಸುರಿ ಗದ್ದೆಗೆ ಬಯಕೆಯೂಟ ಒಯ್ಯುವ ಹಬ್ಬ. ಊಟ ತುಂಬಿದ, ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿಯನ್ನು ಗಂಡಸರೇ ತಲೆಯ ಮೇಲೆ ಹೊರಬೇಕು, ದಾರಿಯಲ್ಲಿ ಇಳಿಸುವಂತಿಲ್ಲ. ಗಂಡ ಜಟ್ಟಪ್ಪನ ಮಂಡಿ ಊದಿತ್ತು. ಪಕ್ಕದ ಮನೆಯ ಭೂತಪ್ಪನನ್ನು ಕರೆಯಲು ಹೊರಟವಳು ಅಂಗಳದಿಂದಲೇ ತಿರುಗಿ ಬಂದಳು.

"ದೀಪಕಾ, ಬುಟ್ಟಿ ನೀ ಹೊರು."

"ನನ್ ಕೈಲಿ ಆಗಾದಿಲ್ಲ."

"ಆಗ್ದಿದ್ರೆ ಬೀಳ್ತದೆ. ಹೊರು."

ಬೆಳಗಿನ ತಂಪಿನಲ್ಲಿ ಅವನು ಮುಂದೆ, ಅವಳು ಹಿಂದೆ. ಗದ್ದೆಯಂಚಿನ ಮೇಲೆ ಅವನ ತಲೆಮೇಲಿನ ಬುಟ್ಟಿ ಓಲಾಡುತ್ತಿತ್ತು. ಅವಳ ಕೈ ತಾನಾಗಿ ಮುಂದೆ ಚಾಚಿಕೊಳ್ಳುತ್ತಿತ್ತು. ಎರಡೂ ಕೈಗಳನ್ನು ಬೆನ್ನ ಹಿಂದೆ ಬಿಗಿಯಾಗಿ ಕಟ್ಟಿಕೊಂಡಳು.

ನೀರು ಬಿಡುವ ಮಡೆಯ ಹತ್ತಿರ ಅವನ ಕಾಲು ಜಾರಿಯೇ ಬಿಟ್ಟಿತು. ಮಂಡಿಯೂರಿ ಕುಸಿದ. ಬುಟ್ಟಿ ವಾಲಿ ಎರಡು ಕಡುಬು ಕೆಸರಿಗೆ ಉರುಳಿದವು.

"ಹೋತು ಅವ್ವಾ, ಎಲ್ಲಾ ಹೋತು!"

ಪ್ರತಿ ಸಲ ಮತ್ತೆ ಮಾತ್ರೆಯ ಕಡೆ ಹೋಗುವ ಮೊದಲೂ ಅವನು ಆಡುತ್ತಿದ್ದುದು ಇದೇ ಮಾತು. ಓಡಿಹೋಗಿ ಬುಟ್ಟಿ ಕಸಿದುಕೊಂಡರೆ ಹಬ್ಬ ಉಳಿಯುತ್ತದೆ, ಮಗ ಉಳಿಯುವುದಿಲ್ಲ ಎಂದು ಕೆರಿಯಮ್ಮನಿಗೆ ಆ ಕ್ಷಣ ಖಚಿತವಾಯಿತು.

"ಹೋಗಿದ್ದು ಎರಡು ಕಡುಬು. ಬುಟ್ಟಿ ತಲೆ ಮೇಲೇ ಐತಲ್ಲ" ಎಂದಳಷ್ಟೇ.

ದೀಪಕ್ ಒಂದು ಕೈಯಲ್ಲಿ ಬುಟ್ಟಿ ಹಿಡಿದು, ಇನ್ನೊಂದನ್ನು ಅಂಚಿಗೂರಿ ಎದ್ದ.

ಪೂಜೆ ಮಾಡಿದವನೂ ಅವನೇ, ಗದ್ದೆಯ ಮೂಲೆಮೂಲೆಗೆ ಸೊಪ್ಪಿನ ಅಂಬಲಿ ಬೀರಿದವನೂ ಅವನೇ. ಬಾಳೆಲೆ ಹಾಸಿ ಅವ್ವನಿಗೆ ಬಡಿಸಿದ. ಕೆರಿಯಮ್ಮನಿಗೆ ಅಳುವೂ ನಗುವೂ ಒಟ್ಟಿಗೇ ಬಂದವು. ಕೈ ಮಾತ್ರ ಇನ್ನೂ ಬೆನ್ನ ಹಿಂದೆಯೇ ಇತ್ತು.

ದೀಪಕ್ ನಕ್ಕ. "ಇನ್ನಾದ್ರೂ ಕೈ ಬಿಚ್ಚವ್ವಾ. ಉಣ್ಣಾದು ನೀನೇ ಉಣ್ಬೇಕಲ್ಲ."