ಆಕ್ಸಲ್ಲಿಗೆ ವಿಭೂತಿ

"ಇದೂ ಬೇಡ" ಎಂದ ಜಯಕುಮಾರ್. ಆಕ್ಸಲ್ಲನ್ನು ಅವನಿನ್ನೂ ಮುಟ್ಟಿಯೇ ಇರಲಿಲ್ಲ.

ಭದ್ರಾವತಿಯ ಗುಜರಿ ವ್ಯಾಪಾರಿ ಬೀರಪ್ಪ ಎಲೆಅಡಿಕೆಯನ್ನು ಒಂದು ದವಡೆಯಿಂದ ಇನ್ನೊಂದು ದವಡೆಗೆ ಸರಿಸಿ ಮಲ್ಲೇಶನ ಮುಖ ನೋಡಿದ. ಮಲ್ಲೇಶ ಆಕಾಶ ನೋಡಿದ.

"ಇದಕ್ಕೇನಾಗಿದೆ ಮಾರಾಯ?" ಎಂದ ಮಲ್ಲೇಶ.

"ಭಾರ ಜಾಸ್ತಿ."

"ಹೋದ್ವಾರದ್ದು ಹಗುರ ಅಂದೆ. ಅದರ ಹಿಂದಿಂದು ಸೊಟ್ಟ ಅಂದೆ. ಕುಣಿಯಕ್ಕೆ ಬರದೇ ಇರೋಳು ನೆಲ ಡೊಂಕು ಅಂದ್ಲಂತೆ, ಹಂಗಾಯ್ತು ನಿಂದು."

"ಹೆಣ್ಣು ನೋಡಕ್ ಬಂದೋರೂ ಇಷ್ಟು ಕೊಂಕು ತೆಗೆಯಲ್ಲ ಬಿಡಿ ಅಣ್ಣ" ಎಂದು ಬೀರಪ್ಪ ನಕ್ಕ. ಜಯಕುಮಾರನೂ ನಕ್ಕ. ನಗುವುದರಲ್ಲಿ ಅವನು ಈ ಒಂದು ವರ್ಷದಲ್ಲಿ ಪಳಗಿಬಿಟ್ಟಿದ್ದ.

ಶಿವಮೊಗ್ಗದ ಸಾಗರ ರಸ್ತೆಯಲ್ಲಿರುವ ಮಲ್ಲೇಶನ ಗ್ಯಾರೇಜಿನಲ್ಲಿ ಒಂದು ಹಳೇ ಅಂಬಾಸಿಡರ್ ಮರದ ದಿಮ್ಮಿಗಳ ಮೇಲೆ ಕೂತಿತ್ತು. ಅದನ್ನು ಡ್ರ್ಯಾಗ್ ಕಾರು ಮಾಡುವುದು ಮಲ್ಲೇಶನ ಹುಚ್ಚು. ಡ್ರ್ಯಾಗ್ ಎಂದರೆ ದೊಡ್ಡ ವಿದ್ಯೆಯೇನಲ್ಲ. ನೇರ ರಸ್ತೆ, ಕಾಲು ಮೈಲಿ, ಅಕ್ಕಪಕ್ಕ ಎರಡು ಕಾರು, ಮೊದಲು ಮುಟ್ಟಿದವನು ಗೆದ್ದ. ಆದರೆ ಇವನ ಕಾರು ಹಳೇ ಕಾಲದ ಡ್ರ್ಯಾಗ್ ಕಾರುಗಳಂತೆ ಮೂತಿ ಎತ್ತಿ ನಿಲ್ಲಬೇಕಂತೆ. ಅದಕ್ಕೆ ಅಂಬಾಸಿಡರಿನ ಮುಂಭಾಗವನ್ನೆಲ್ಲ ಕಿತ್ತು, ಈ ಚಕ್ರದಿಂದ ಆ ಚಕ್ರದವರೆಗೆ ಒಂದೇ ಗಟ್ಟಿ ತೊಲೆಯಂಥ ಆಕ್ಸಲ್ ಕೂರಿಸಬೇಕು. ಉಳಿದದ್ದೆಲ್ಲ ಸಿದ್ಧವಾಗಿತ್ತು. ಓಡಿಸುವವನೂ ಸಿದ್ಧ ಎಂದು ಮಲ್ಲೇಶ ನಂಬಿದ್ದ. ಹೈಸ್ಕೂಲಿನಿಂದಲೂ ಮಲ್ಲೇಶ ಕಟ್ಟುವುದು, ಜಯಕುಮಾರ್ ಓಡಿಸುವುದು. ಅದು ಇಬ್ಬರೂ ಮಾತಾಡದೆ ಮಾಡಿಕೊಂಡ ಒಪ್ಪಂದ.

ಕಳೆದ ವರ್ಷ ಹೊರಜಿಲ್ಲೆಯ ಹಳೇ ವಿಮಾನ ಪಟ್ಟಿಯೊಂದರ ಮೇಲೆ ಜಯಕುಮಾರ್ ಯಾರದೋ ಕಾರು ಓಡಿಸುತ್ತಿದ್ದಾಗ, ಪಕ್ಕದ ಸಾಲಿನ ಕಾರಿನ ಮುಂದಿನ ಚಕ್ರ ಒಳಕ್ಕೆ ಮಡಚಿಕೊಂಡಿತು. ಅಷ್ಟೇ. ಆ ಕಾರು ಹಗ್ಗ ಹರಿದ ಹೋರಿಯಂತೆ ಇವನ ಕಡೆಗೇ ತಿರುಗಿ, ಇವನ ಬಾಗಿಲನ್ನು ಸವರಿಕೊಂಡು ಹೋಗಿ, ಮಗುಚಿ ಬಿತ್ತು. ಒಳಗಿದ್ದವನು ಬದುಕಿಕೊಂಡ, ಆದರೆ ಇವತ್ತಿಗೂ ಊರುಗೋಲಿಲ್ಲದೆ ನಡೆಯಲಾರನಂತೆ. ಜಯಕುಮಾರನಿಗೆ ತರಚಿದ ಗಾಯವೂ ಇಲ್ಲ. "ಗುಂಡಿಗೆ ಅಂದ್ರೆ ಜಯಂದು" ಎಂದು ಎಲ್ಲರೂ ಬೆನ್ನು ತಟ್ಟಿದರು. ಅವನು ಬಿರಿಯಾನಿ ತಿಂದ, ಜೋಕು ಹೊಡೆದ. ಆಮೇಲಿಂದ ಮನೆಯ ಕಾರನ್ನು ಬೈಪಾಸಿನಲ್ಲೂ ಅರವತ್ತು ದಾಟಿಸಲಾಗಿಲ್ಲ. ಬಲಗಾಲು ಕೇಳುವುದೇ ಇಲ್ಲ.

ಹೆದರಿಕೆ ಎಂದು ಹೇಳಿಬಿಟ್ಟರೆ ಮುಗಿಯುತ್ತಿತ್ತಲ್ಲ ಎನ್ನಬಹುದು. ಹೇಳುವುದು ಯಾರಿಗೆ? ಗಾಂಧಿ ಬಜಾರಿನಲ್ಲಿ ಕಾಫಿ ಕುಡಿಯಲು ನಿಂತರೂ "ಜಯಣ್ಣ, ಕಾರು ಯಾವಾಗ?" ಎನ್ನುವ ಊರಿಗೆ? ಕಂಡ ಕಂಡವರಿಗೆಲ್ಲ "ನಮ್ ಜಯ ಇದಾನಲ್ಲ" ಎಂದು ಹೇಳಿಕೊಂಡು ತಿರುಗುವ ಮಲ್ಲೇಶನಿಗೆ? ಅದಕ್ಕೇ ಅವನು ಆಕ್ಸಲ್ಲಿನ ಹಿಂದೆ ಅಡಗಿಕೊಂಡ. ಆಕ್ಸಲ್ ಸಿಗದಿದ್ದರೆ ಕಾರಿಲ್ಲ, ಕಾರಿಲ್ಲದಿದ್ದರೆ ರೇಸಿಲ್ಲ.

"ಇದೊಂದು ನೋಡಿ. ಇದೂ ಆಗಲ್ಲ ಅಂದ್ರೆ ನಮ್ ಅಂಗ್ಡಿ ಕಡೆ ತಲೆ ಹಾಕ್ಬೇಡಿ" ಎಂದ ಬೀರಪ್ಪ, ಶೆಡ್ಡಿನ ಒಳಗಿನಿಂದ ಹಳೇ ಜೀಪಿನದೊಂದು ಆಕ್ಸಲ್ ತರಿಸಿದ. ತುಕ್ಕಿಲ್ಲ, ಸೊಟ್ಟವಿಲ್ಲ, ಭಾರವೂ ಅಷ್ಟಿಲ್ಲ. ಅದನ್ನು ಸರಪಳಿಗೆ ತೂಗುಹಾಕಿ ಸುತ್ತಿಗೆಯಲ್ಲಿ ಒಂದು ಕೊಟ್ಟ. ಗುಡಿಯ ಗಂಟೆಯ ಹಾಗೆ ತುಂಬ ಹೊತ್ತು ಮೊಳಗಿತು.

"ಕೇಳಿದ್ರಾ? ಮಾಲು ಭದ್ರಾವತಿದಲ್ಲ, ಕಿವಿ ಮಾತ್ರ ಭದ್ರಾವತಿದು. ಸುಳ್ಳು ಹೇಳಲ್ಲ."

ಜಯಕುಮಾರ್ ಈ ತುದಿಯಿಂದ ಆ ತುದಿಯವರೆಗೆ ಹುಡುಕಿದ. ಒಂದು ಕುಂದೂ ಸಿಗಲಿಲ್ಲ.

"ಇದು... ಆಗ್ಬೋದು."

ಅವನ ಬಾಯಿಂದ ಆ ಮಾತು ಬಿದ್ದದ್ದೇ ಮಲ್ಲೇಶ ಆಕ್ಸಲ್ಲನ್ನು ಗಾಡಿಗೆ ಹಾಕಿಸಿಬಿಟ್ಟ. ಗ್ಯಾರೇಜಿಗೆ ತಂದ ಹಳೇ ಕಬ್ಬಿಣವನ್ನು ಡೀಸೆಲ್ಲಿನಲ್ಲಿ ತೊಳೆದು, ಒರೆಸಿ, ಮೇಲೆ ಸೀಮೆಸುಣ್ಣ ಬಳಿದು ನೋಡುವುದು ವಾಡಿಕೆ. ಬಿರುಕಿದ್ದರೆ ಅದರೊಳಗೆ ಕೂತ ಎಣ್ಣೆ ಮೆಲ್ಲಗೆ ಒಸರಿ ಬಿಳುಪಿನ ಮೇಲೆ ಗೆರೆ ಎಳೆಯುತ್ತದೆ. ಮಲ್ಲೇಶ ಈ ಸಲ ತೊಳೆದು ಒರೆಸಿದ, ಸೀಮೆಸುಣ್ಣ ಮುಟ್ಟಲಿಲ್ಲ. ಇನ್ನೊಂದು ಪರೀಕ್ಷೆ ಎಂದರೆ ಈ ಪುಣ್ಯಾತ್ಮ ಇನ್ನೊಂದು ಕೊಂಕು ತೆಗೆಯುತ್ತಾನೆ ಎಂಬ ಭಯ ಅವನಿಗೆ.

ಸೋಮವಾರ ಬೆಳಿಗ್ಗೆ ಪೂಜೆ. ಗ್ಯಾರೇಜಿಗೆ ಏನೇ ಹೊಸದಾಗಿ ಬರಲಿ, ಮಲ್ಲೇಶನ ತಾಯಿ ಬಸವರಾಜೇಶ್ವರಿ ವಿಭೂತಿ ಹಚ್ಚದೆ ಅದು ಗಾಡಿಗೆ ಸೇರುವಂತಿರಲಿಲ್ಲ. ಆಕೆ ವಿಭೂತಿ ಗಟ್ಟಿಯನ್ನು ಒದ್ದೆ ಅಂಗೈಯಲ್ಲಿ ತೇದು, ಬೆಂಚಿನ ಮೇಲೆ ಮಲಗಿಸಿದ್ದ ಆಕ್ಸಲ್ಲಿನ ನಡುವೆ ಒಮ್ಮೆ, ಎರಡೂ ತುದಿಗಳಲ್ಲಿ ಒಮ್ಮೊಮ್ಮೆ, ಮೂರು ಬೆರಳಿನ ಪಟ್ಟೆ ಎಳೆದರು.

"ಇನ್ನು ನಿನ್ ಕೈಯಲ್ಲಿದೆ ಜಯಣ್ಣ. ಹುಷಾರಪ್ಪಾ" ಎಂದು ಊದುಬತ್ತಿ ಹಚ್ಚಲು ಅತ್ತ ತಿರುಗಿದರು.

ಜಯಕುಮಾರ್ ಕೈ ಮುಗಿದುಕೊಂಡು ನಿಂತಿದ್ದ. ದೇವರನ್ನು ಏನೂ ಕೇಳುತ್ತಿರಲಿಲ್ಲ. ಒಣಗುತ್ತ ಬೆಳ್ಳಗಾಗುತ್ತಿದ್ದ ಪಟ್ಟೆಗಳನ್ನು ಸುಮ್ಮನೆ ನೋಡುತ್ತಿದ್ದ. ಎಡತುದಿಯಲ್ಲಿ, ಚಕ್ರ ಕೂರುವ ಜಾಗದ ಕುತ್ತಿಗೆಯಲ್ಲಿ, ಬಿಳುಪಿನೊಳಗೆ ಏನೋ ಕಂಡಿತು. ಬಗ್ಗಿದ. ಕೂದಲೆಳೆಯಷ್ಟು ಕಪ್ಪು ಗೆರೆ, ಮೂರೂ ಪಟ್ಟೆಗಳನ್ನು ಸೀಳಿಕೊಂಡು ಮೇಲಕ್ಕೆ ಹರಿಯುತ್ತಿತ್ತು.

ಸತ್ಯ ಹೇಳಬೇಕೆಂದರೆ ಅವನಿಗೆ ಮೊದಲು ಆದದ್ದು ಸಂತೋಷ. ಬದುಕಿದೆಯಾ ಬಡಜೀವವೇ! ಮರುಕ್ಷಣವೇ ಆ ವಿಮಾನ ಪಟ್ಟಿ ನೆನಪಾಯಿತು. ಅವತ್ತು ಮಡಚಿಕೊಂಡ ಚಕ್ರವೂ ಇಂಥದೇ ಜಾಗದಲ್ಲಿ ಬಿಟ್ಟುಕೊಂಡಿತ್ತೋ ಏನೋ.

"ಮಲ್ಲೇಶ, ಇದರಲ್ಲಿ ಬಿರುಕಿದೆ."

ಮಲ್ಲೇಶ ತಿರುಗಿಯೂ ನೋಡಲಿಲ್ಲ. "ಶುರುವಾಯ್ತಾ?"

"ನಿಜ ಕಣೋ. ಬಂದು ನೋಡು."

ಮಲ್ಲೇಶ ಬಂದ, ಆದರೆ ನೋಡಲು ಬಂದದ್ದಲ್ಲ. ಕೈಲಿದ್ದ ಬನಿಯನ್ ಚಿಂದಿಯಿಂದ ಎಡತುದಿಯನ್ನು ಗಸಗಸ ಉಜ್ಜಿದ. ವಿಭೂತಿಯೂ ಹೋಯಿತು, ಗೆರೆಯೂ ಹೋಯಿತು. "ಎಲ್ಲಿದೆ? ತೋರ್ಸು." ಸುತ್ತಿಗೆ ತಗೊಂಡು ಬಾರಿಸಿದ. ಬೆಂಚಿನ ಮೇಲೆ ಮಲಗಿದ್ದರೂ ಆಕ್ಸಲ್ ಠಣ್ಣೆಂದಿತು. "ಕೇಳಿಸ್ತಾ? ಒಂದು ವರ್ಷದಿಂದ ನೋಡ್ತಿದೀನಿ ಜಯ. ನಿಂಗೆ ಬೇಕಾಗಿರೋದು ಆಕ್ಸಲ್ ಅಲ್ಲ, ನೆಪ. ಬಿಡು, ನೀನ್ ಬರ್ಲೇಬೇಡ. ನಾನೇ ಕೂತ್ಕೋತೀನಿ, ನಾನೇ ಓಡಿಸ್ತೀನಿ."

"ಪೂಜೆ ಹೊತ್ತಲ್ಲಿ ಏನೋ ನಿಮ್ದು?" ಎಂದರು ಬಸವರಾಜೇಶ್ವರಿ.

ಜಯಕುಮಾರನಿಗೆ ಆ ಮಾತು ಕೇಳಿಸಲಿಲ್ಲ. ಮಗುಚಿದ ಆ ಕಾರು ಮತ್ತೆ ಕಣ್ಣ ಮುಂದೆ ಬಂದಿತ್ತು. ಈ ಸಲ ಅದರೊಳಗೆ ತಲೆ ಕೆಳಗಾಗಿ ತೂಗುತ್ತಿದ್ದವನು ಮಲ್ಲೇಶ. ಇವನು ಓಡಿಸಿಯೇ ಓಡಿಸುತ್ತಾನೆ, ಹಟಮಾರಿ. ತನ್ನ ಹೆದರಿಕೆಯನ್ನು ತಾನೊಬ್ಬನೇ ಹೊತ್ತರೆ ಆಯಿತು ಎಂದುಕೊಂಡಿದ್ದ, ಈಗ ಅದು ಬೇರೆಯವನ ಕುತ್ತಿಗೆಗೆ ಬಂದು ನಿಂತಿತ್ತು. ಜಯಕುಮಾರ್ ಎರಡೂ ಕೈಯಲ್ಲಿ ಬೆಂಚು ಹಿಡಿದುಕೊಂಡ.

"ಹೌದು, ನೆಪ" ಎಂದ. "ಭಾರ ಅಂದಿದ್ದು ಸುಳ್ಳು. ಹಗುರ ಅಂದಿದ್ದೂ ಸುಳ್ಳು. ಸೊಟ್ಟ ಅಂದಿದ್ದೂ ಸುಳ್ಳೇ. ನಂಗೆ ಹೆದರಿಕೆ ಕಣೋ ಮಲ್ಲೇಶ. ಅವತ್ತಿಂದ ಹೆದರಿಕೆ. ಸ್ಟೇರಿಂಗ್ ಹಿಡಿದ್ರೆ ಜೀವ ಬಾಯಿಗೆ ಬರುತ್ತೆ. ಊರಿಗೆಲ್ಲ ಹೇಳ್ಕೊ ಬೇಕಾದ್ರೆ, ಜಯ ಹೇಡಿ ಅಂತ. ಆದ್ರೆ ಇದೊಂದು ಸುಳ್ಳಲ್ಲ. ನಿನ್ ಕಾಲಿಗೆ ಬೀಳ್ತೀನಿ, ಅದ್ರ ಮೇಲೆ ಕೂರ್ಬೇಡ."

ಮಲ್ಲೇಶ ಸುತ್ತಿಗೆಯನ್ನು ಕೆಳಗಿಡಲೂ ಇಲ್ಲ, ಎತ್ತಲೂ ಇಲ್ಲ. ಜಯ ಹೀಗೆ ಮಾತಾಡಿದ್ದನ್ನು ಅವನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಬಸವರಾಜೇಶ್ವರಿ ಇಬ್ಬರ ಮುಖವನ್ನೂ ನೋಡಿದರು. ಆಮೇಲೆ ವಿಭೂತಿ ಗಟ್ಟಿ ಎತ್ತಿಕೊಂಡು, ಅಂಗೈಗೆ ನೀರು ಹನಿಸಿಕೊಂಡು ತೇದರು.

"ಅಳಿಸಿದ್ದು ಅಪಚಾರ. ಇನ್ನೊಂದ್ ಸಲ ಹಚ್ತೀನಿ" ಎಂದು ಎಡತುದಿಗೆ ಬಳಿದರು.

ಮೂವರೂ ಬಗ್ಗಿ ನಿಂತರು. ಹೊರಗೆ ಸಾಗರದ ಬಸ್ಸೊಂದು ಹಾರ್ನ್ ಹೊಡೆಯುತ್ತ ಹೋಯಿತು. ವಿಭೂತಿ ಅಂಚಿನಿಂದ ಒಣಗುತ್ತ ಬಂತು. ಏನೂ ಇಲ್ಲ. ಮಲ್ಲೇಶನ ತುಟಿ ಓರೆಯಾಗುವುದನ್ನು ಜಯಕುಮಾರ್ ಕಂಡ. ತಾನು ಹೆದರಿ ಹೆದರಿ ಇಲ್ಲದ್ದನ್ನು ಕಂಡೆನೇ ಎಂದು ಅವನಿಗೇ ಅನುಮಾನವಾಯಿತು. ಆಗ ಕೆಳಗಿನ ಪಟ್ಟೆಯಲ್ಲಿ ಒಂದು ಚುಕ್ಕೆ ಮೂಡಿತು. ಚುಕ್ಕೆ ಉದ್ದವಾಯಿತು. ಎರಡನೇ ಪಟ್ಟೆಗೆ ಹತ್ತಿತು, ಮೂರನೆಯದನ್ನೂ ದಾಟಿತು.

ಮಲ್ಲೇಶ ಟೈರಿನ ಮೇಲೆ ಕೂತುಬಿಟ್ಟ. "ನಾನೇನಾದ್ರೂ ಇದ್ರ ಮೇಲೆ ಕೂತಿದ್ರೆ..." ಎಂದು ಸುತ್ತಿಗೆಯನ್ನು ಕೆಳಗಿಟ್ಟ.

ಕಾರಿಗೆಂದು ತಂದಿದ್ದ ತೆಂಗಿನಕಾಯಿ ತಟ್ಟೆಯಲ್ಲಿತ್ತು. ಬಸವರಾಜೇಶ್ವರಿ ಅದನ್ನು ಎತ್ತಿಕೊಂಡು, ಮೇಲೆ ಕರ್ಪೂರವಿಟ್ಟರು.

"ಬಾರಪ್ಪಾ ಜಯಣ್ಣ. ಪೂರ್ವಕ್ಕೆ ಮುಖ ಮಾಡಿ ನಿಂತ್ಕೊ. ಹೆದರ್ಕೊಂಡ್ ಮಗೂನ ವರ್ಷಗಟ್ಟಲೆ ಹಂಗೇ ಬಿಡ್ತಾರಾ? ನಿವಾಳಿಸ್ತೀನಿ."

ನಲವತ್ತರ ಹತ್ತಿರದ ಗಂಡಸು, ಶಾಲೆಯ ಹುಡುಗನ ಹಾಗೆ ಕೈ ಇಳಿಬಿಟ್ಟು ಬಾಗಿಲಲ್ಲಿ ನಿಂತ. ಆಕೆ ಕರ್ಪೂರ ಹಚ್ಚಲು ಹೋಗಿ ತಡೆದರು. ಮಗನ ಕಡೆ ನೋಡಿದರು.

"ನೀನೂ ಬಾ."

"ನಂಗ್ಯಾಕಮ್ಮ?"

"ಬಾ ಅಂದ್ನಲ್ಲ."

ಮಲ್ಲೇಶ ಎದ್ದು ಬಂದು ಪಕ್ಕದಲ್ಲಿ ನಿಂತ. ಬಾಗಿಲು ಇಕ್ಕಟ್ಟು. ಕರ್ಪೂರದ ಜ್ವಾಲೆ ಇಬ್ಬರ ಮುಖದ ಮುಂದೆ ನಿಧಾನವಾಗಿ ಸುತ್ತಿತು. ಜಯಕುಮಾರ್ ನೇರ ರಸ್ತೆಯನ್ನೇ ನೋಡುತ್ತಿದ್ದ. ತನ್ನ ತೋಳಿಗೆ ಒತ್ತಿಕೊಂಡಿದ್ದ ಮಲ್ಲೇಶನ ತೋಳು ಗಡಗಡ ನಡುಗುತ್ತಿತ್ತು. ಜಯಕುಮಾರ್ ಪಕ್ಕಕ್ಕೆ ಸರಿಯಲಿಲ್ಲ.